ವ್ಯಾನಿನೊಳಗೆ ಎರಡನೇ ಬ್ಯಾಟರಿ ಕೂರಿಸುವುದು ಹೇಗೆ

ನಮ್ಮ ವ್ಯಾನಿನಲ್ಲಿ ಫ್ಯಾನ್, ಫ್ರಿಜ್ ಓಡಿಸುವ ಬ್ಯಾಟರಿಯ (ಇಂಜಿನ್ ಸ್ಟಾರ್ಟ್ ಮಾಡುವುದಲ್ಲ) ಜೊತೆಗೆ ನಾನು ಎರಡು ಸಲ ಎರಡನೇ ಬ್ಯಾಟರಿ ಹಾಕಿದ್ದೇನೆ. ಮೊದಲ ಸಲ ಹಾಕಿದ್ದು ತಪ್ಪು. ಹತ್ತು ತಿಂಗಳಲ್ಲಿ ಎರಡೂ ಬ್ಯಾಟರಿ ಗುಜರಿಗೆ ಹೋದವು. ಆ ಪೆಟ್ಟು ತಿಂದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ನೀವು ಒಂದೇ ಸಲಕ್ಕೆ ಸರಿಯಾಗಿ ಮಾಡಬಹುದು.

ನಮ್ಮದು ಹಳೆಯ ಟೆಂಪೋ ಟ್ರಾವೆಲರ್. ಒಳಗೆ ಮಂಚ, ಸಣ್ಣ ಅಡುಗೆ ಕಟ್ಟೆ, 40 ಲೀಟರಿನ 12 ವೋಲ್ಟಿನ ಫ್ರಿಜ್, ಒಂದು ಫ್ಯಾನ್. ಮಾಡಿನ ಮೇಲೆ 200 ವ್ಯಾಟಿನ ಸೋಲಾರ್ ಪ್ಯಾನೆಲ್. ಬದಿಯಡ್ಕದ ಹತ್ತಿರ ಮನೆ, ತಿರುಗಾಟ ಹೆಚ್ಚಾಗಿ ಯಕ್ಷಗಾನದ ಬಯಲಾಟಗಳಿಗೆ. ರಾತ್ರಿ ಆಟ ನೋಡಿ, ನಿದ್ದೆ ಬಂದವರು ವ್ಯಾನಿಗೆ ಬಂದು ಮಲಗುವುದು, ಬೆಳಗ್ಗೆ ಚಾ ಮಾಡಿ ಕುಡಿದು ಹೊರಡುವುದು. ಎಪ್ರಿಲ್ ತಿಂಗಳ ಒಂದು ರಾತ್ರಿ ಎರಡೂವರೆ ಗಂಟೆಗೆ ಫ್ಯಾನ್ ನಿಂತಿತು. ಆ ಸೆಕೆಯಲ್ಲಿ ಒಳಗೆ ಮಲಗಿದ್ದ ಅತ್ತೆ ಎದ್ದು ಬಂದು ಪುನಃ ಕುರ್ಚಿ ಹಿಡಿದು ಆಟ ನೋಡಲು ಕೂತರು. "ಇನ್ನೊಂದು ಬ್ಯಾಟರಿ ಹಾಕಿಬಿಡು ಮಾರಾಯ" ಎಂದರು ಭಾವ. ಹೇಳುವುದು ಸುಲಭ, ಅಲ್ವಾ?

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಬ್ಯಾಟರಿ ಎಂದರೆ ನೀರಿನ ಟ್ಯಾಂಕಿ ಇದ್ದ ಹಾಗೆ. ಎರಡನೇ ಟ್ಯಾಂಕಿ ಇಟ್ಟ ಮಾತ್ರಕ್ಕೆ ಬಾವಿಯಲ್ಲಿ ನೀರು ಜಾಸ್ತಿ ಆಗುವುದಿಲ್ಲ. ಎಷ್ಟೋ ಜನ ಎರಡನೇ ಬ್ಯಾಟರಿ ಹಾಕಿ ತಿಂಗಳ ನಂತರ "ಮೊದಲಿನ ಹಾಗೇ ಇದೆ" ಎನ್ನುವುದು ಇದಕ್ಕೇ. ಹಾಗಾಗಿ ದಿನಕ್ಕೆ ಎಷ್ಟು ಖರ್ಚು, ಎಷ್ಟು ಜಮೆ ಎಂದು ಬರೆದುಕೊಳ್ಳಿ.

ನಮ್ಮ ಲೆಕ್ಕ ಹೀಗಿತ್ತು. ಫ್ರಿಜ್ 45 ವ್ಯಾಟ್, ಬೇಸಿಗೆಯಲ್ಲಿ ದಿನದ ಅರ್ಧ ಹೊತ್ತು ಓಡುತ್ತದೆ ಎಂದಿಟ್ಟುಕೊಂಡರೆ 540 ವ್ಯಾಟ್ ಅವರ್. 28 ವ್ಯಾಟಿನ ಫ್ಯಾನ್ ಹತ್ತು ಗಂಟೆಗೆ 280. ಐದು ವ್ಯಾಟಿನ ನಾಲ್ಕು ಎಲ್‌ಇಡಿ ನಾಲ್ಕು ಗಂಟೆಗೆ 80. ಫೋನು, ಲ್ಯಾಪ್‌ಟಾಪ್ 120. ನೀರಿನ ಸಣ್ಣ ಪಂಪಿಗೆ 15. ಒಟ್ಟು 1035. ಅದನ್ನು 12ರಿಂದ ಭಾಗಿಸಿದರೆ ಸುಮಾರು 86 ಎಎಚ್, ಅಂದರೆ ಆಂಪಿಯರ್ ಅವರ್.

ನಮ್ಮಲ್ಲಿದ್ದದ್ದು 100 ಎಎಚ್‌ನ ಒಂದು ಎಜಿಎಂ ಬ್ಯಾಟರಿ, ಅಂದರೆ ನೀರು ಹಾಕಬೇಕಿಲ್ಲದ ಸೀಸದ ಬ್ಯಾಟರಿ. 100 ಎಂದು ಬರೆದಿದ್ದರೂ ಸೀಸದ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಅಂದರೆ ಕೈಗೆ ಸಿಗುವುದು 50 ಎಎಚ್. ನಾವು ಹಗಲಿಡೀ ಮರದ ನೆರಳಿನಲ್ಲಿ ನಿಲ್ಲಿಸಿ, ರಾತ್ರಿ ಫ್ಯಾನನ್ನೂ ಹಾಕಿದರೆ ಎರಡೂವರೆ ಗಂಟೆಗೆ ನಿಲ್ಲದೆ ಇನ್ನೇನು!

ಈಗ ಜಮೆ. ಮಾಡಿನ ಮೇಲೆ ಅಡ್ಡ ಮಲಗಿಸಿದ 200 ವ್ಯಾಟಿನ ಪ್ಯಾನೆಲ್‌ನಿಂದ ಜನವರಿಯಿಂದ ಎಪ್ರಿಲ್‌ವರೆಗೆ, ಬಿಸಿಲಿನಲ್ಲಿ ನಿಂತಿದ್ದರೆ, ನಮಗೆ ದಿನಕ್ಕೆ 700ರಿಂದ 800 ವ್ಯಾಟ್ ಅವರ್ ಬರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಅದರ ಕಾಲು ಭಾಗವೂ ಸಿಗದ ದಿನಗಳಿವೆ. ಬಾಕಿ ಕೊರತೆಯನ್ನು ಇಂಜಿನ್ ತುಂಬಿಸಬೇಕು. 30 ಆಂಪಿಯರಿನ ಡಿಸಿ ಟು ಡಿಸಿ ಚಾರ್ಜರ್ (ಇಂಜಿನ್ ಕಡೆಯ ಕರೆಂಟಿನಿಂದ ಒಳಗಿನ ಬ್ಯಾಟರಿ ತುಂಬಿಸುವ ಸಾಧನ) ಇದ್ದರೆ ಒಂದು ಗಂಟೆ ಓಡಿಸಿದಾಗ ಸುಮಾರು 30 ಎಎಚ್ ಸೇರುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಮುಟ್ಟುವಷ್ಟರಲ್ಲಿ ನಮ್ಮ ಆ ದಿನದ ಕೊರತೆ ತೀರುತ್ತದೆ. ನೀವು ವ್ಯಾನನ್ನು ಮೂರು ದಿನ ಒಂದೇ ಕಡೆ ನೆರಳಿನಲ್ಲಿ ನಿಲ್ಲಿಸುವವರಾದರೆ, ಎರಡನೇ ಬ್ಯಾಟರಿಯ ದುಡ್ಡಲ್ಲಿ ಮೊದಲು ಎರಡನೇ ಪ್ಯಾನೆಲ್ ಹಾಕಿ ಎನ್ನುತ್ತೇನೆ. ಆದರೆ 400 ವ್ಯಾಟ್ ಆದರೆ 20 ಆಂಪಿಯರಿನ ಎಂಪಿಪಿಟಿ (ಸೋಲಾರಿನ ಚಾರ್ಜ್ ಕಂಟ್ರೋಲರ್) ಸಾಕಾಗುವುದಿಲ್ಲ, 30 ಬೇಕು.

ಯಾವ ಬ್ಯಾಟರಿ?

ನಾನು ಎಡವಿದ್ದು ಇಲ್ಲೇ. ಎರಡು ವರ್ಷ ಹಳೆಯ ಎಜಿಎಂ ಪಕ್ಕಕ್ಕೆ ಹೊಸ ಎಜಿಎಂ ತಂದು ಕೂರಿಸಿದೆ. ಅಂಗಡಿಯವರೂ "ಆಗುತ್ತದೆ, ಏನೂ ಆಗಲ್ಲ" ಎಂದಿದ್ದರು. ಹಳೆಯದು ಒಳಗೇ ಬಲ ಕಳೆದುಕೊಂಡಿರುತ್ತದೆ. ಕೆಲಸದ ಹೊತ್ತಿಗೆ ಭಾರವೆಲ್ಲ ಹೊಸದರ ಮೇಲೆ, ರಾತ್ರಿ ಸುಮ್ನೆ ಇದ್ದಾಗಲೂ ಹಳೆಯದು ಹೊಸದರಿಂದ ಕರೆಂಟು ಎಳೆಯುತ್ತದೆ. ಮುದಿ ಎತ್ತಿನ ಜೊತೆ ಹೋರಿಯನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ. ಕೊನೆಗೆ ಎರಡೂ ಮಲಗಿದವು.

ಹಾಗಾಗಿ ಮೊದಲ ಬ್ಯಾಟರಿ ಕೊಂಡು ಆರು ತಿಂಗಳು ದಾಟಿಲ್ಲ, ಅದೇ ಕಂಪೆನಿಯ ಅದೇ ಮಾಡೆಲ್ ಅಷ್ಟೇ ಎಎಚ್‌ನದ್ದು ಸಿಗುತ್ತದೆ ಎಂದಾದರೆ ಮಾತ್ರ ಜೋಡಿ ಮಾಡಿ. ಇಲ್ಲದಿದ್ದರೆ ಹಳೆಯದನ್ನು ಕೊಟ್ಟುಬಿಡಿ. ಸೀಸದ ಬ್ಯಾಟರಿಗೆ ತೂಕದ ಲೆಕ್ಕದಲ್ಲಿ ಬೆಲೆ ಸಿಗುತ್ತದೆ.

ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಖಾಲಿ ಇದೆ, ಅದನ್ನೇ ಹಾಕೋಣ ಎಂದು ನಿಮಗೂ ಅನಿಸಬಹುದು. ಬೇಡ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ನೀವು ಕಿಟಕಿ ಮುಚ್ಚಿ ಮಲಗುವುದು ಅದೇ ಕೋಣೆಯಲ್ಲಿ, ಗ್ಯಾಸ್ ಒಲೆ ಹಚ್ಚುವುದೂ ಅಲ್ಲೇ. ನಮ್ಮ ಒಳದಾರಿಗಳ ಹೊಂಡಕ್ಕೆ ಬಿದ್ದರೆ ಆಸಿಡ್ ಕೂಡ ಚೆಲ್ಲುತ್ತದೆ.

ಇನ್ನು ಲೀಥಿಯಂ, ಅಂದರೆ ಎಲ್‌ಎಫ್‌ಪಿ (ಲೀಥಿಯಂ ಐರನ್ ಫಾಸ್ಫೇಟ್). ಇದರಲ್ಲಿ 100 ಎಎಚ್ ಎಂದರೆ 80-90 ಧೈರ್ಯವಾಗಿ ಬಳಸಬಹುದು. ಎರಡು ಎಜಿಎಂ ಕೊಡುವಷ್ಟನ್ನು ಒಂದೇ ಎಲ್‌ಎಫ್‌ಪಿ ಹತ್ತಿರ ಹತ್ತಿರ ಕೊಡುತ್ತದೆ. ತೂಕ ನೋಡಿದರೆ ಎರಡು ಎಜಿಎಂ ಸೇರಿ ಸುಮಾರು 60 ಕಿಲೋ, ಇದೊಂದು 12 ಕಿಲೋ ಆಸುಪಾಸು. ರಾಣಿಪುರದ ಏರು ಹತ್ತುವಾಗ ಆ ವ್ಯತ್ಯಾಸ ಇಂಜಿನ್ನಿಗೆ ಗೊತ್ತಾಗುತ್ತದೆ. ಒಂದು ರಾತ್ರಿಯ ತಿರುಗಾಟ ಮಾತ್ರ ಇರುವವರು ಎರಡನೇ ಬ್ಯಾಟರಿಯ ಯೋಚನೆಯನ್ನೇ ಬಿಟ್ಟು ಇರುವ ಎಜಿಎಂ ತೆಗೆದು ಒಂದು ಎಲ್‌ಎಫ್‌ಪಿ ಹಾಕಿದರೆ ಸಾಕು. ನಾವು ಮಾರನೇ ದಿನವೂ ಅಲ್ಲೇ ಉಳಿಯುವ ಜನ, ಹಾಗಾಗಿ ಎರಡನೇ ಸಲ ಎರಡು ಎಲ್‌ಎಫ್‌ಪಿ ಒಟ್ಟಿಗೇ ಕೊಂಡೆ. ಕೊಳ್ಳುವ ಮೊದಲು ಎರಡನ್ನು ಪ್ಯಾರಲಲ್‌ನಲ್ಲಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸಬಹುದೇ ಎಂದು ಅದರ ಪುಸ್ತಿಕೆಯಲ್ಲಿ ನೋಡಿ, ಬ್ಯಾಟರಿಯೊಳಗೆ ಕಾವಲಿಗಿರುವ ಸರ್ಕ್ಯೂಟ್, ಅಂದರೆ ಬಿಎಂಎಸ್, ಕೆಲವದರಲ್ಲಿ ಮಿತಿ ಹಾಕಿರುತ್ತದೆ. ಲೀಥಿಯಂ ಜೊತೆಗೆ ಸೀಸದ ಬ್ಯಾಟರಿಯನ್ನು ಮಾತ್ರ ಯಾವತ್ತೂ ನೇರ ಜೋಡಿಸಬೇಡಿ.

ತರಬೇಕಾದ ಸಾಮಾನು

ಬ್ಯಾಟರಿ ಬಿಟ್ಟರೆ ಮುಖ್ಯ ಸಾಮಾನು ವಯರು. 600 ವ್ಯಾಟಿನ ಇನ್ವರ್ಟರ್ 12 ವೋಲ್ಟಿನಲ್ಲಿ ನಷ್ಟ ಸೇರಿ 60 ಆಂಪಿಯರಿನಷ್ಟು ಎಳೆಯುತ್ತದೆ. ಫ್ರಿಜ್, ಫ್ಯಾನ್ ಸೇರಿದರೆ 70. ಇದಕ್ಕೆ 25 ಸ್ಕ್ವೇರ್ ಎಂಎಂ ತಾಮ್ರದ ವಯರು ಸಾಕು. 1000 ವ್ಯಾಟಿನ ಇನ್ವರ್ಟರ್ ಇದ್ದರೆ 100 ಆಂಪಿಯರ್ ಹತ್ತಿರ ಹೋಗುತ್ತದೆ, ಆಗ 35 ಹಾಕಿ. ಸಪೂರ ಎಳೆಗಳ, ಸುಲಭವಾಗಿ ಬಾಗುವ ವಯರು ತೆಗೆಯಿರಿ. ಅಂಗಡಿಯಲ್ಲೇ ತುದಿ ಕತ್ತರಿಸಿ ಒಂದು ಎಳೆಯನ್ನು ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ವಾಪಸು ಕೊಡಿ.

ವಯರಿನ ತುದಿಗೆ ಹಾಕುವ ಲಗ್ಗುಗಳನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ. ಹೈಡ್ರಾಲಿಕ್ ಕ್ರಿಂಪರ್ ಇರುವ ಎಲೆಕ್ಟ್ರಿಕ್ ಅಂಗಡಿಗೆ ಅಳತೆ ಹಾಕಿ ಕೊಟ್ಟರೆ ಒತ್ತಿ ಕೊಡುತ್ತಾರೆ. ಮೇಲೆ ಹೀಟ್ ಶ್ರಿಂಕ್ (ಕಾಯಿಸಿದರೆ ಬಿಗಿಯಾಗುವ ಕೊಳವೆ) ಏರಿಸಿ.

ಪ್ರತಿ ಬ್ಯಾಟರಿಗೂ ಅದರದ್ದೇ ಫ್ಯೂಸ್ ಬೇಕು, ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ. ಒಂದೇ ಬ್ಯಾಟರಿ ಇದ್ದಾಗ ಒಂದು ಫ್ಯೂಸ್ ಸಾಕಿತ್ತು. ಎರಡಾದಾಗ ಒಂದರಲ್ಲಿ ಶಾರ್ಟ್ ಆದರೆ ಇನ್ನೊಂದು ಅದರೊಳಕ್ಕೆ ಕರೆಂಟು ಸುರಿಯುತ್ತದೆ. ಅದನ್ನು ತಡೆಯುವವರು ಯಾರು? ನಮ್ಮಲ್ಲಿ ಒಂದೊಂದಕ್ಕೆ 100 ಆಂಪಿಯರ್ ಹಾಕಿದ್ದೇವೆ. ಲೀಥಿಯಂ ಆದರೆ ಕ್ಲಾಸ್ ಟಿ ಫ್ಯೂಸ್ ಹುಡುಕಿ ಹಾಕಿ, ಸ್ವಲ್ಪ ದುಬಾರಿ. ಲೀಥಿಯಂ ಶಾರ್ಟ್ ಆದಾಗ ಬರುವ ಕರೆಂಟಿಗೆ ಕಡಿಮೆ ಬೆಲೆಯ ಫ್ಯೂಸ್ ಹಾರಿದರೂ ಒಳಗೆ ಕಿಡಿ ನಿಲ್ಲದೆ ಉರಿಯಬಹುದು. ಫ್ಯೂಸಿನ ಆಂಪಿಯರ್ ವಯರು ತಡೆಯುವುದಕ್ಕಿಂತ ಜಾಸ್ತಿ ಇರಬಾರದು.

ಮತ್ತೆ ಒಂದು ಮಲ್ಟಿಮೀಟರ್, ಮತ್ತು ಡಿಸಿ ಅಳೆಯುವ ಕ್ಲಾಂಪ್ ಮೀಟರ್. "ಡಿಸಿ ಅಳೆಯುತ್ತದಾ" ಎಂದು ಕೇಳಿಯೇ ತೆಗೆಯಿರಿ. ನಾನು ಮೊದಲು ತಂದದ್ದು ಎಸಿ ಮಾತ್ರ ಅಳೆಯುವಂಥದ್ದು, ಬ್ಯಾಟರಿ ವಯರಿಗೆ ಹಿಡಿದರೆ ಸೊನ್ನೆ ತೋರಿಸುತ್ತಿತ್ತು. ಅರ್ಧ ದಿನ ವಯರಿಂಗಿಗೆ ಬೈದೆ.

ಜಾಗ

ಕೆಳಗೆ, ಹಿಂದಿನ ಚಕ್ರಗಳ ಹತ್ತಿರ, ಸಾಧ್ಯವಾದರೆ ಎಡ ಬಲ ತೂಕ ಸಮ ಆಗುವಂತೆ. ಎರಡೂ ಅಕ್ಕಪಕ್ಕ ಇರಲಿ. ಒಂದು ಸೀಟಿನ ಕೆಳಗೆ, ಇನ್ನೊಂದು ಹಿಂಬಾಗಿಲಿನ ಹತ್ತಿರ ಎಂದು ಮಾಡಿದರೆ ವಯರು ಉದ್ದ ಆಗುತ್ತದೆ, ಬಿಸಿಯೂ ಬೇರೆ ಬೇರೆ. ಅಡಿಗೆ ರಬ್ಬರ್ ಶೀಟ್, ಸುತ್ತ ಕಬ್ಬಿಣದ ಆಂಗಲ್ ಫ್ರೇಮ್, ಮೇಲಿಂದ ಬೆಲ್ಟ್. ಫ್ರೇಮನ್ನು ಬರೀ ಪ್ಲೈವುಡ್‌ಗೆ ಸ್ಕ್ರೂ ಹೊಡೆದು ಬಿಡಬೇಡಿ, ವ್ಯಾನಿನ ಅಡಿಯ ಕಬ್ಬಿಣಕ್ಕೆ ಬೋಲ್ಟ್ ಹಾಕಿ. ಬ್ರೇಕ್ ಒತ್ತಿದಾಗ 30 ಕಿಲೋದ ಬ್ಯಾಟರಿ ಹಾರಿ ಬಂದರೆ ಹೇಗಿರುತ್ತದೆ, ಯೋಚಿಸಿ. ತೂತು ಕೊರೆಯುವ ಮೊದಲು ವ್ಯಾನಿನ ಅಡಿಗೆ ಹೋಗಿ ಡೀಸೆಲ್ ಪೈಪು, ಬ್ರೇಕ್ ಪೈಪು ಎಲ್ಲಿದೆ ಎಂದು ಟಾರ್ಚ್ ಹಾಕಿ ನೋಡಿ.

ಬಿಸಿಲಿಗೆ ನಿಲ್ಲಿಸಿ ಬೀಗ ಹಾಕಿದ ವ್ಯಾನಿನ ಒಳಗೆ ಬ್ಯಾಟರಿ ಕಾಯುತ್ತದೆ. ಲೀಥಿಯಂಗೆ ಚಾರ್ಜ್ ಮಾಡುವಾಗಿನ ಗರಿಷ್ಠ ಉಷ್ಣತೆಯನ್ನು ಪುಸ್ತಿಕೆಯಲ್ಲಿ ಕೊಟ್ಟಿರುತ್ತಾರೆ. ಪೆಟ್ಟಿಗೆಯಲ್ಲಿ ಗಾಳಿಯಾಡಲು ಕೆಳಗೊಂದು ಮೇಲೊಂದು ಕಿಂಡಿ ಬಿಡಿ.

ಜೋಡಿಸುವ ಹಿಂದಿನ ದಿನ

ಎರಡೂ ಬ್ಯಾಟರಿಯನ್ನು ಬೇರೆ ಬೇರೆಯಾಗಿ, ಅದಕ್ಕೆ ಹೊಂದುವ ಚಾರ್ಜರಿನಿಂದ ಪೂರ್ತಿ ತುಂಬಿಸಿ. ಒಂದು ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಮಲ್ಟಿಮೀಟರ್ ಹಿಡಿದಾಗ ಎರಡರ ನಡುವೆ 0.1 ವೋಲ್ಟಿಗಿಂತ ಜಾಸ್ತಿ ಅಂತರ ಇರಬಾರದು. ತುಂಬಿದ ಎಜಿಎಂ 12.8ರ ಆಸುಪಾಸು ತೋರಿಸುತ್ತದೆ, ಎಲ್‌ಎಫ್‌ಪಿ 13.3ರಿಂದ 13.4.

ಎಲ್‌ಎಫ್‌ಪಿ ವಿಷಯದಲ್ಲಿ ಒಂದು ಮೋಸ ಇದೆ. ಅದು ಮುಕ್ಕಾಲು ತುಂಬಿರಲಿ ಅರ್ಧ ತುಂಬಿರಲಿ ವೋಲ್ಟೇಜ್ ಹೆಚ್ಚು ಕಡಿಮೆ ಒಂದೇ. ಮೀಟರಿನಲ್ಲಿ ಸಮ ಕಂಡಿತು ಎಂದು ಒಂದು ತುಂಬಿದ್ದನ್ನೂ ಇನ್ನೊಂದು ಅರ್ಧದ್ದನ್ನೂ ಜೋಡಿಸಿಬಿಡುತ್ತೀರಿ. ಆದ್ದರಿಂದ ಪೂರ್ತಿ ಚಾರ್ಜ್ ಮಾಡುವ ಹೆಜ್ಜೆಯನ್ನು ಹಾರಬೇಡಿ, ಎಷ್ಟೇ ಅರ್ಜೆಂಟ್ ಇರಲಿ.

ಜೋಡಿಸುವ ದಿನ

ಉಂಗುರ, ವಾಚು, ಕೈಗೆ ಕಟ್ಟಿದ ಬೆಳ್ಳಿ ಕಡಗ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಬಾಯಿ ಮಾತ್ರ ಹೊರಗೆ ಇರಲಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಪ್ಲಸ್ಸಿಗೂ ಮೈನಸ್ಸಿಗೂ ಅಡ್ಡ ಬಿದ್ದ ಸ್ಪ್ಯಾನರ್ ಕೆಂಪಗೆ ಕಾದು ಅಲ್ಲೇ ಅಂಟಿಕೊಳ್ಳುತ್ತದೆ.

ಬಿಚ್ಚುವ ಕ್ರಮ: ಒಳಗಿನ ಎಲ್ಲ ಸ್ವಿಚ್ ಆಫ್, ಇನ್ವರ್ಟರ್ ಆಫ್. ಆಮೇಲೆ ಸೋಲಾರ್ ಪ್ಯಾನೆಲ್ಲಿನ ವಯರನ್ನು ಎಂಪಿಪಿಟಿಯಿಂದ ಬಿಡಿಸಿ. ಆಮೇಲೆ ಇಂಜಿನ್ ಕಡೆಯ ಚಾರ್ಜರಿನ ಫ್ಯೂಸ್ ತೆಗೆಯಿರಿ. ಕೊನೆಗೆ ಬ್ಯಾಟರಿಯ ಮೈನಸ್, ಅದಾದ ಮೇಲೆ ಪ್ಲಸ್. ಪ್ಯಾನೆಲ್ ಇನ್ನೂ ಬಿಸಿಲಿನಲ್ಲಿರುವಾಗ ಬ್ಯಾಟರಿ ಮೊದಲು ಬಿಚ್ಚಿದರೆ ಎಂಪಿಪಿಟಿಗೆ ಪೆಟ್ಟಾಗಬಹುದು.

ಜೋಡಣೆ ಪ್ಯಾರಲಲ್: ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. ವೋಲ್ಟ್ 12 ಆಗಿಯೇ ಉಳಿಯುತ್ತದೆ, ಎಎಚ್ ಮಾತ್ರ 200 ಆಗುತ್ತದೆ. ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಕೊಟ್ಟರೆ ಅದು ಸೀರೀಸ್. 24 ವೋಲ್ಟಿಗೆ ನಿಮ್ಮ ಫ್ರಿಜ್, ಫ್ಯಾನ್, ದೀಪ ಒಂದೇ ಏಟಿಗೆ ಹೋಗಬಹುದು.

ಈಗ ಬಹಳ ಜನ ತಪ್ಪುವ ಜಾಗ. ವ್ಯಾನಿನೊಳಗೆ ಹೋಗುವ ಪ್ಲಸ್ ಮತ್ತು ಮೈನಸ್ ಎರಡನ್ನೂ ಮೊದಲಿನ ಬ್ಯಾಟರಿಯಿಂದಲೇ ಇಟ್ಟುಕೊಂಡು, ಎರಡನೆಯದನ್ನು ಬಾಲದ ಹಾಗೆ ತೂಗುಹಾಕುತ್ತಾರೆ. ನಾನೂ ಹಾಗೇ ಮಾಡಿದ್ದೆ. ಅಡಿಕೆ ತೋಟದಲ್ಲಿ ಪಂಪಿನ ಹತ್ತಿರದ ಸ್ಪ್ರಿಂಕ್ಲರ್ ಜೋರಾಗಿ ತಿರುಗುತ್ತದೆ, ಕೊನೆಯದ್ದು ಸುಮ್ನೆ ತೊಟ್ಟಿಕ್ಕುತ್ತಿರುತ್ತದೆ, ನೋಡಿದ್ದೀರಲ್ಲ? ಇಲ್ಲೂ ಅದೇ. ಹತ್ತಿರದ ಬ್ಯಾಟರಿ ಜಾಸ್ತಿ ದುಡಿಯುತ್ತದೆ, ಜಾಸ್ತಿ ಚಾರ್ಜೂ ಅದಕ್ಕೇ. ನನ್ನ ಮೊದಲ ಜೋಡಣೆಯಲ್ಲಿ ಕ್ಲಾಂಪ್ ಮೀಟರ್ ಹಿಡಿದು ನೋಡಿದಾಗ 40 ಆಂಪಿಯರಿನಲ್ಲಿ 29 ಒಂದರಿಂದಲೇ ಹೋಗುತ್ತಿತ್ತು. ಹಳೆಯದು ಹೊಸದು ಎಂಬ ವ್ಯತ್ಯಾಸದ ಮೇಲೆ ಇದೂ ಸೇರಿ ಎರಡೂ ಬ್ಯಾಟರಿಯನ್ನು ಮುಗಿಸಿತು.

ಪರಿಹಾರಕ್ಕೆ ದುಡ್ಡೇ ಬೇಡ. ಮೂಲೆಯಿಂದ ಮೂಲೆಗೆ ಎಳೆಯಿರಿ. ವ್ಯಾನಿನ ಪ್ಲಸ್ ವಯರು ಮೊದಲ ಬ್ಯಾಟರಿಯಿಂದ, ಮೈನಸ್ ವಯರು ಎರಡನೇ ಬ್ಯಾಟರಿಯಿಂದ. ಹೀಗೆ ಮಾಡಿದಾಗ ಯಾವ ಬ್ಯಾಟರಿಯ ಕರೆಂಟು ಹೊರಟರೂ ಅಷ್ಟೇ ಉದ್ದದ ವಯರು ದಾಟಿ ಬರಬೇಕು. ನಡುವಿನ ಎರಡು ತುಂಡು ವಯರುಗಳ ಉದ್ದವೂ ದಪ್ಪವೂ ಒಂದೇ ಇರಲಿ. ಇನ್ನೂ ಅಚ್ಚುಕಟ್ಟು ಬೇಕಾದವರು ಬಸ್ ಬಾರ್ (ಹಲವು ವಯರು ಒಂದೆಡೆ ಸೇರಿಸುವ ಲೋಹದ ಪಟ್ಟಿ) ಇಟ್ಟು, ಎರಡೂ ಬ್ಯಾಟರಿಯಿಂದ ಸಮ ಉದ್ದದ ವಯರು ತಂದು ಅದಕ್ಕೆ ಕೊಡಬಹುದು. ಪ್ರತಿ ಬ್ಯಾಟರಿಗೆ ಬೇರೆ ಫ್ಯೂಸ್ ಇರುವಾಗ ನನಗೆ ಅದೇ ಸುಲಭ ಅನಿಸಿತು.

ಕೊನೆಯ ಮೈನಸ್ ತುಂಡನ್ನು ಬಿಗಿಯುವ ಮೊದಲು ಅರ್ಧ ನಿಮಿಷ ನಿಲ್ಲಿ. ಆ ವಯರಿನ ಸಡಿಲ ತುದಿಗೂ ಅದು ಕೂರಬೇಕಾದ ತುದಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಸೊನ್ನೆಯ ಹತ್ತಿರ ಇದ್ದರೆ ಸರಿ, ಬಿಗಿಯಿರಿ. 25-26 ತೋರಿಸಿದರೆ ಎಲ್ಲೋ ಪ್ಲಸ್ ಮೈನಸ್ ಅದಲು ಬದಲಾಗಿದೆ, ಕೈ ತೆಗೆಯಿರಿ. ಇಷ್ಟು ಸಣ್ಣ ಪರೀಕ್ಷೆ ಮಾಡದೆ ಕಿಡಿ ಹಾರಿಸಿ, ಮೈನಸ್ ತುದಿಯನ್ನೇ ಕರಗಿಸಿದವರನ್ನು ನೋಡಿದ್ದೇನೆ.

ವಾಪಸು ಕೊಡುವಾಗ ಮೊದಲು ಬ್ಯಾಟರಿ, ಎಂಪಿಪಿಟಿ ಎದ್ದು ವೋಲ್ಟೇಜ್ ತೋರಿಸಿದ ಮೇಲೆ ಪ್ಯಾನೆಲ್, ಕೊನೆಗೆ ಇಂಜಿನ್ ಕಡೆಯದ್ದು.

ಮಾನಿಟರ್, ಚಾರ್ಜರ್

ಬ್ಯಾಟರಿ ಮಾನಿಟರ್ ಇದ್ದರೆ ಅದರ ಶಂಟ್ (ಕರೆಂಟು ಅಳೆಯುವ ಭಾಗ) ಮೈನಸ್ ದಾರಿಯಲ್ಲಿ ಕೂತಿರುತ್ತದೆ. ಎರಡನೇ ಬ್ಯಾಟರಿಯ ಮೈನಸ್ ಕೂಡ ಶಂಟಿನ ಬ್ಯಾಟರಿ ಬದಿಗೇ ಬರಬೇಕು. ಫ್ರಿಜ್ ಆಗಲಿ ಇನ್ವರ್ಟರ್ ಆಗಲಿ ಸೋಲಾರ್ ಆಗಲಿ, ಯಾವುದರ ಮೈನಸ್ಸೂ ನೇರ ಬ್ಯಾಟರಿಗೆ ಹೋಗಬಾರದು. ಒಂದು ತಪ್ಪಿಸಿಕೊಂಡರೂ ಮಾನಿಟರ್ ಹೇಳುವುದೆಲ್ಲ ಸುಳ್ಳು. ಸೆಟ್ಟಿಂಗಿನಲ್ಲಿ 100 ಇದ್ದದ್ದನ್ನು 200 ಮಾಡಲು ಮರೆಯಬೇಡಿ.

ಎಜಿಎಂನಿಂದ ಎಲ್‌ಎಫ್‌ಪಿಗೆ ಬಂದವರು ಚಾರ್ಜರುಗಳ ಸೆಟ್ಟಿಂಗ್ ಬದಲಿಸಲೇಬೇಕು. ಎಂಪಿಪಿಟಿ, ಡಿಸಿ ಟು ಡಿಸಿ, ಮನೆಯ ಕರೆಂಟಿಗೆ ಹಾಕುವ ಚಾರ್ಜರ್, ಮೂರೂ. ಈಕ್ವಲೈಸ್ ಎಂಬ ಆಯ್ಕೆ ಇದ್ದರೆ ಆಫ್ ಮಾಡಿ, ಅದು ನೀರು ಹಾಕುವ ಬ್ಯಾಟರಿಗೆ ಇರುವಂಥದ್ದು. ವೋಲ್ಟೇಜನ್ನು ನಿಮ್ಮ ಬ್ಯಾಟರಿಯ ಪುಸ್ತಿಕೆ ನೋಡಿ ಹಾಕಿ.

ಇಂಜಿನ್ನಿನಿಂದ ಚಾರ್ಜ್ ತರಲು ಕೆಲವರು ಬರೀ ರಿಲೇ (ಇಂಜಿನ್ ಓಡುವಾಗ ಎರಡು ಕಡೆಯನ್ನೂ ನೇರ ಸೇರಿಸುವ ಸ್ವಿಚ್) ಹಾಕಿರುತ್ತಾರೆ. ಎಜಿಎಂಗೆ ಹಳೆಯ ಗಾಡಿಗಳಲ್ಲಿ ಅದು ನಡೆಯುತ್ತದೆ. ಲೀಥಿಯಂ ಆದರೆ ಸಿಕ್ಕಿದಷ್ಟೂ ಕರೆಂಟು ಎಳೆದು ಆಲ್ಟರ್ನೇಟರನ್ನು (ಇಂಜಿನ್ನಿನ ಜನರೇಟರ್) ಸುಡುವ ಹಾಗೆ ಬಿಸಿ ಮಾಡುತ್ತದೆ, ಎರಡು ಬ್ಯಾಟರಿ ಇದ್ದರೆ ಕೇಳುವುದೇ ಬೇಡ. ಹೊಸ ಬಿಎಸ್6 ಗಾಡಿಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜೇ ಮೇಲೆ ಕೆಳಗೆ ಆಗುವುದುಂಟು. ಡಿಸಿ ಟು ಡಿಸಿ ಚಾರ್ಜರೇ ದಾರಿ. ಬ್ಯಾಟರಿ ಎರಡಾಯಿತು ಎಂದು ಅದನ್ನು 60 ಆಂಪಿಯರಿಗೆ ಏರಿಸಬೇಕಿಲ್ಲ. 30 ಇದ್ದರೆ ತುಂಬಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ ಅಷ್ಟೇ.

ಕಾಗದಪತ್ರದ ಒಂದು ಮಾತು: ಗಾಡಿಯಲ್ಲಿ ಬದಲಾವಣೆ ಮಾಡುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಸೀಟು ತೆಗೆದು ಮಂಚ ಹಾಕಿದ ಗಾಡಿಯ ಆರ್‌ಸಿಯಲ್ಲಿ ಅದು ದಾಖಲಾಗಿದೆಯಾ ನೋಡಿಕೊಳ್ಳಿ. ತಲಪಾಡಿ ದಾಟಿ ಆಚೆ ಈಚೆ ಓಡಾಡುವ ನಮಗೆ ಎರಡೂ ರಾಜ್ಯದವರ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಮೊದಲ ವಾರ ಮತ್ತು ಆಮೇಲೆ

ಎಲ್ಲ ಆದ ಮೇಲೆ ಇನ್ವರ್ಟರಿಗೆ ಮಿಕ್ಸಿ ಹಾಕಿ ಓಡಿಸಿ, ಎರಡೂ ಬ್ಯಾಟರಿಯ ಪ್ಲಸ್ ವಯರಿಗೆ ಒಂದೊಂದಾಗಿ ಕ್ಲಾಂಪ್ ಮೀಟರ್ ಹಿಡಿಯಿರಿ. 25, 27 ಹೀಗೆ ಬಂದರೆ ಚೆನ್ನಾಗಿದೆ. ಒಂದು ಇನ್ನೊಂದರ ದುಪ್ಪಟ್ಟು ಇದ್ದರೆ ಎಲ್ಲೋ ಲಗ್ಗು ಸಡಿಲ. ಹತ್ತು ನಿಮಿಷ ಭಾರ ಹಾಕಿ, ಆಫ್ ಮಾಡಿ, ಒಂದೊಂದು ಲಗ್ಗನ್ನೂ ಫ್ಯೂಸನ್ನೂ ಕೈಯಲ್ಲಿ ಮುಟ್ಟಿ ನೋಡಿ. ಕೈಗೆ ಸುಡುವ ಜಾಗವೇ ತಪ್ಪಿನ ಜಾಗ. ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ನಟ್ಟನ್ನೂ ಇನ್ನೊಮ್ಮೆ ಬಿಗಿಯಿರಿ.

ಬೇಕಲದ ಕಡೆ ಕಡಲ ಬದಿಯಲ್ಲಿ ರಾತ್ರಿ ಕಳೆಯುವವರಿಗೆ ಉಪ್ಪು ಗಾಳಿ ದೊಡ್ಡ ಶತ್ರು. ತವರ ಬಳಿದ ಲಗ್ಗು ಹಾಕಿ, ಬಿಗಿದ ಮೇಲೆ ತುದಿಗಳಿಗೆ ವ್ಯಾಸಲೀನ್ ಸವರಿ. ಬಿಗಿಯುವ ಮೊದಲಲ್ಲ, ಆಮೇಲೆ.

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ವ್ಯಾನ್ ಹೆಚ್ಚಾಗಿ ಶೆಡ್ಡಿನಲ್ಲೇ. ಎಜಿಎಂ ಇದ್ದಾಗ ಅದನ್ನು ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಮನೆಯ ಕರೆಂಟಿನಿಂದ ಚಾರ್ಜ್ ಕೊಡುತ್ತಿದ್ದೆ. ಎಲ್‌ಎಫ್‌ಪಿಯನ್ನು ತುಂಬಿಸಿಡಬಾರದು, ಅರ್ಧದ ಆಸುಪಾಸಿನಲ್ಲಿ ಬಿಟ್ಟು ಮೈನ್ ಸ್ವಿಚ್ ಆಫ್ ಮಾಡಿದರೆ ಆಯಿತು. ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು ಟಾರ್ಚ್ ಹಾಕಿ, ವಯರಿಗೆ ಇಲಿ ಹಲ್ಲು ಹಾಕಿದೆಯಾ ಎಂದು ನೋಡುತ್ತೇನೆ. ಕಳೆದ ಮಳೆಗಾಲದಲ್ಲಿ ಹಾಕಿತ್ತು. ಈಗ ಆ ಎರಡು ಕಿಂಡಿಗೂ ಕಬ್ಬಿಣದ ಬಲೆ ಹೊಡೆದಿದ್ದೇನೆ.